ಭಾಷಣವೊಂದು ಹಾಡಾದ ಕಥೆ

ರೆಗೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಟೀ ಶರ್ಟಿನ ಮೇಲಿನ ಬಾಬ್ ಮಾರ್ಲಿ. ಜಟೆಗಟ್ಟಿದ ಕೂದಲು, ಹಸಿರು-ಹಳದಿ-ಕೆಂಪು ಬಣ್ಣ. ಅವನ ಒಂದು ಹಾಡೂ ಕೇಳದವರು ಆ ಟೀ ಶರ್ಟ್ ಹಾಕಿಕೊಂಡು ಓಡಾಡ್ತಾರೆ! ಕೇಳಿದವರಿಗೂ ಅದು ಹಾಯಾಗಿ ತಲೆದೂಗಿಸುವ ಸಂಗೀತ, ಅಷ್ಟೇ. ಆದರೆ ಆ ತಾಳದ ಮೇಲೆ ಜಮೈಕಾದವರು ಏನೇನು ಹೇರಿ ಕಳಿಸಿದ್ದಾರೆ ಅಂತ ನೋಡಿದರೆ ಆಶ್ಚರ್ಯವಾಗುತ್ತೆ.

ಜಮೈಕಾ ಸ್ವತಂತ್ರವಾಗಿದ್ದು 1962ರ ಆಗಸ್ಟ್ 6ರಂದು. ಬಾವುಟ ಬದಲಾಯಿತು, ಕಿಂಗ್‌ಸ್ಟನ್ನಿನ ಕೊಳೆಗೇರಿಗಳು ಹಾಗೇ ಉಳಿದವು. 1968ರಲ್ಲಿ ಡೆಸ್ಮಂಡ್ ಡೆಕರ್ ಹಾಡಿದ 'ಇಸ್ರೇಲೈಟ್ಸ್' ಎಷ್ಟು ದುಡಿದರೂ ಹೆಂಡತಿ ಮಕ್ಕಳನ್ನು ಸಾಕಲಾಗದವನ ಗೋಳು. ಮರುವರ್ಷ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಕುಣಿದವರೆಷ್ಟು ಜನ, ಗೋಳು ಕೇಳಿಸಿಕೊಂಡವರೆಷ್ಟು ಜನವೋ... 1975ರಲ್ಲಿ ಬರ್ನಿಂಗ್ ಸ್ಪಿಯರ್ ಗುಲಾಮಗಿರಿಯ ದಿನಗಳು ನೆನಪಿವೆಯಾ ಅಂತ ಕೇಳಿದ. 1976ರಲ್ಲಿ ಜೂನಿಯರ್ ಮರ್ವಿನ್ ಪೊಲೀಸರನ್ನೂ ಕಳ್ಳರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ.

ಇವೆಲ್ಲದರ ನಡುವೆ ನನ್ನನ್ನು ಹೆಚ್ಚು ಕಾಡಿದ್ದು ಅದೇ 1976ರಲ್ಲಿ ಬಂದ ಮಾರ್ಲಿಯ 'ವಾರ್'. ಯಾಕೆಂದರೆ ಅದರ ಮಾತುಗಳು ಕವಿಯೊಬ್ಬನವಲ್ಲ, ಒಬ್ಬ ಚಕ್ರವರ್ತಿಯವು.

1963ರ ಅಕ್ಟೋಬರ್ 4ರಂದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ವಿಶ್ವಸಂಸ್ಥೆಯಲ್ಲಿ ಮಾತಾಡಿದ. ಒಂದು ಜನಾಂಗ ಮೇಲು, ಇನ್ನೊಂದು ಕೀಳು ಅನ್ನೋ ವಿಚಾರ ತೊಲಗುವವರೆಗೆ, ಅಂಗೋಲಾ, ಮೊಜಾಂಬಿಕ್, ದಕ್ಷಿಣ ಆಫ್ರಿಕಾಗಳು ಬಿಡುಗಡೆ ಹೊಂದುವವರೆಗೆ ಆಫ್ರಿಕಾಕ್ಕೆ ಶಾಂತಿ ಸಿಗೋದಿಲ್ಲ ಅನ್ನೋದು ಅದರ ತಿರುಳು. ವಿಶ್ವಸಂಸ್ಥೆಯ ಭಾಷಣಗಳ ಹಣೆಬರಹ ನಿಮಗೆ ಗೊತ್ತೇ ಇದೆ. ಚಪ್ಪಾಳೆ, ಆಮೇಲೆ ಕಡತ.

ಆದರೆ ಜಮೈಕಾದ ರಾಸ್ತಫಾರಿಗಳಿಗೆ ಆತ ಬರೀ ದೊರೆಯಲ್ಲ, ದೇವರು. ಪಟ್ಟಕ್ಕೆ ಬರುವ ಮೊದಲಿನ ಅವನ ಹೆಸರು 'ರಾಸ್ ತಫಾರಿ'. ಅದರಿಂದಲೇ ಆ ಪಂಥದ ಹೆಸರು ಬಂದಿದ್ದು. ಹಾಗಾಗಿ ಹದಿಮೂರು ವರ್ಷಗಳ ನಂತರ ಆ ಭಾಷಣದ ಒಂದು ತುಣುಕು ಬಹುತೇಕ ಹಾಗೆಹಾಗೇ ಹಾಡಾಯಿತು. ರಚನೆಕಾರರು ಅಂತ ಹಾಕಿರೋದು ಅಲನ್ ಕೋಲ್ ಮತ್ತು ಡ್ರಮ್ ಬಾರಿಸುತ್ತಿದ್ದ ಕಾರ್ಲ್‌ಟನ್ ಬ್ಯಾರೆಟ್ ಹೆಸರುಗಳನ್ನು. ಬ್ಯಾರೆಟ್ 'ಒನ್ ಡ್ರಾಪ್' ಅನ್ನೋ ತಾಳಕ್ಕೆ ಹೆಸರಾದವನು. ನಾಲ್ಕು ಎಣಿಕೆಯಲ್ಲಿ ಮೊದಲನೆಯದನ್ನು ಖಾಲಿ ಬಿಟ್ಟು ಮೂರನೆಯದಕ್ಕೆ ಪೆಟ್ಟು ಬೀಳುತ್ತೆ. ರೆಗೆ ಕೇಳುವಾಗ ಅವಸರವೇ ಇಲ್ಲ ಅನ್ನಿಸೋದು ಈ ಖಾಲಿ ಜಾಗದಿಂದ. ಭಾಷಣದ ಉದ್ದುದ್ದ ವಾಕ್ಯಗಳಿಗೂ ಅಲ್ಲಿ ಜಾಗ ಸಿಕ್ಕಿಬಿಟ್ಟಿತು.

ಹಾಡು ಬರುವಷ್ಟರಲ್ಲಿ ಅಂಗೋಲಾ, ಮೊಜಾಂಬಿಕ್ ಎರಡೂ ಸ್ವತಂತ್ರವಾಗಿದ್ದವು (1975). ಉಳಿದದ್ದು ದಕ್ಷಿಣ ಆಫ್ರಿಕಾ. ಹಾಡು ಬಂದ ಕೆಲವೇ ವಾರಗಳಲ್ಲಿ, 1976ರ ಜೂನ್ 16ರಂದು, ಸೊವೆಟೊದಲ್ಲಿ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಎಲ್ಲರಿಗೂ ಮತ ಹಾಕುವ ಹಕ್ಕು ಸಿಗಲು 1994 ಬರಬೇಕಾಯಿತು.

ಈಗ ಕಹಿ ಭಾಗಕ್ಕೆ ಬರ್ತೀನಿ. ಜಗತ್ತಿಗೆ ಸಮಾನತೆಯ ಪಾಠ ಹೇಳಿದ ಈ ಚಕ್ರವರ್ತಿಯ ಸ್ವಂತ ನಾಡಿನಲ್ಲಿ, ವೊಲ್ಲೊ ಪ್ರಾಂತ್ಯದಲ್ಲಿ, 1973ರ ಹೊತ್ತಿಗೆ ಭೀಕರ ಬರ. ಸಾವಿರಾರು ಜನ ಹಸಿವಿನಿಂದ ಸತ್ತರು, ಸರ್ಕಾರ ಅದನ್ನು ಮುಚ್ಚಿಡಲು ನೋಡಿತು. 1974ರ ಸೆಪ್ಟೆಂಬರಿನಲ್ಲಿ ಸೈನ್ಯ ಅವನನ್ನು ಕೆಳಗಿಳಿಸಿತು. ಮರುವರ್ಷ ಸೆರೆಯಲ್ಲೇ ತೀರಿಕೊಂಡ. ಅಂದರೆ 'ವಾರ್' ಬರುವಾಗ ಆ ಮಾತಾಡಿದವನೂ ಇರಲಿಲ್ಲ, ಅವನ ಸಿಂಹಾಸನವೂ ಇರಲಿಲ್ಲ.

ಇನ್ನೊಂದು ನೋಡಿ. 1979ರಲ್ಲಿ ಮಾರ್ಲಿ 'ಜಿಂಬಾಬ್ವೆ' ಅಂತ ಹಾಡು ಮಾಡಿದ. 1980ರ ಏಪ್ರಿಲ್ 17ರ ರಾತ್ರಿ ಆ ದೇಶ ಸ್ವತಂತ್ರವಾಗುವಾಗ ರುಫಾರೊ ಕ್ರೀಡಾಂಗಣದಲ್ಲಿ ಹಾಡಿದವನೂ ಅವನೇ. ಸಲಕರಣೆ ಸಾಗಿಸುವ ಖರ್ಚನ್ನೂ ಕೈಯಿಂದಲೇ ಹಾಕಿಕೊಂಡಿದ್ದ. ಹೊರಗಿದ್ದ ಜನ ಒಳಗೆ ನುಗ್ಗಲು ನೋಡಿದಾಗ ಪೊಲೀಸರು ಅಶ್ರುವಾಯು ಸಿಡಿಸಿದರು. ಅದರ ಹೊಗೆ ವೇದಿಕೆಗೂ ಬಂತು, ಹಾಡು ನಿಂತಿತು, ಆಮೇಲೆ ಮುಂದುವರಿಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಮುಗಾಬೆಯ ಸೈನ್ಯ ಮಟಬೆಲೆಲ್ಯಾಂಡಿನಲ್ಲಿ ತನ್ನದೇ ಜನರನ್ನು ಸಾವಿರಗಟ್ಟಲೆ ಕೊಲ್ಲುತ್ತಿತ್ತು. ಅದನ್ನು ನೋಡಲು ಮಾರ್ಲಿ ಇರಲಿಲ್ಲ. 1981ರ ಮೇ 11ರಂದೇ, ಮೂವತ್ತಾರನೇ ವಯಸ್ಸಿಗೆ, ಕ್ಯಾನ್ಸರಿನಿಂದ ಹೋಗಿಬಿಟ್ಟಿದ್ದ.

ಹಾಗಾದರೆ ಈ ಹಾಡುಗಳೆಲ್ಲ ಸುಳ್ಳಾ? ನನಗೆ ಹಾಗನ್ನಿಸೋಲ್ಲ. ಭಾಷಣ ಕಾಗದದ ಮೇಲೇ ಉಳಿದಿದ್ದರೆ ಅದು ಹೈಲೆ ಸೆಲಾಸಿಯ ಸ್ವತ್ತಾಗಿರುತ್ತಿತ್ತು, ಅವನ ಬರಗಾಲದ ಜೊತೆಗೆ ಅದರ ಮರ್ಯಾದೆಯೂ ಹೋಗುತ್ತಿತ್ತು. ಹಾಡಾದ ಮೇಲೆ ಅದು ಅವನ ಕೈ ತಪ್ಪಿತು. ಯಾರು ಬೇಕಾದರೂ ಎತ್ತಿಕೊಂಡು ಯಾರ ಮುಂದೆ ಬೇಕಾದರೂ ಹಿಡಿಯಬಹುದು, ಆ ಚಕ್ರವರ್ತಿಯ ಮುಂದೆಯೂ.

ಹಾಗೆ ಎತ್ತಿಕೊಂಡವಳು ಐರ್ಲೆಂಡಿನ ಶಿನೇಡ್ ಒಕಾನರ್. 1992ರ ಅಕ್ಟೋಬರ್ 3ರಂದು ಅಮೆರಿಕದ ಟಿವಿಯಲ್ಲಿ, ಯಾವ ವಾದ್ಯವೂ ಇಲ್ಲದೆ, ಆಕೆ 'ವಾರ್' ಹಾಡಿದಳು. ನಡುವೆ ಮಕ್ಕಳ ಮೇಲಿನ ದೌರ್ಜನ್ಯದ ಮಾತು ಸೇರಿಸಿ, ಕೊನೆಗೆ ಪೋಪ್ ಎರಡನೇ ಜಾನ್ ಪಾಲ್ ಅವರ ಫೋಟೊ ಹರಿದಳು. ಜನ ಉರಿದುಬಿದ್ದರು. ಎರಡೇ ವಾರದಲ್ಲಿ ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ ಕೂಗೆಬ್ಬಿಸಿ ಅಡ್ಡಿಪಡಿಸಿದಾಗ, ಅಲ್ಲಿಯೂ ಅದೇ ಹಾಡನ್ನು ಹಾಡಿದಳು. ಐರ್ಲೆಂಡಿನ ಚರ್ಚ್ ಸಂಸ್ಥೆಗಳಲ್ಲಿ ಮಕ್ಕಳಿಗೆ ಏನಾಗಿತ್ತು ಅನ್ನೋದನ್ನು ಅಲ್ಲಿನ ತನಿಖಾ ವರದಿಗಳು ವಿವರವಾಗಿ ಬಿಚ್ಚಿಟ್ಟಿದ್ದು 2009ರಲ್ಲಿ. ಆಕೆ 2023ರಲ್ಲಿ ತೀರಿಕೊಂಡಾಗ, ಅವಳು ಆವತ್ತೇ ಸರಿ ಹೇಳಿದ್ದಳು ಅಂತ ಬರೆದವರು ಬಹಳ.

ಅಡಿಸ್ ಅಬಾಬಾದ ಅರಮನೆಯ ಮಾತು, ಕಿಂಗ್‌ಸ್ಟನ್ನಿನ ತಾಳ, ಡಬ್ಲಿನ್ನಿನ ಹುಡುಗಿಯ ಸಿಟ್ಟು. 2018ರಲ್ಲಿ ಯುನೆಸ್ಕೊ ಜಮೈಕಾದ ರೆಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಪಟ್ಟಿಗೆ ಸೇರಿದ್ದು ಕಡತಕ್ಕೆ ಹೋಗದಿದ್ದರೆ ಸಾಕು ಅನ್ನಿಸುತ್ತೆ.

ಬಿಡುವಾದಾಗ 'ವಾರ್' ಒಮ್ಮೆ ಕೇಳಿ. ತಲೆದೂಗುತ್ತಲೇ ಕೇಳಿ, ತಪ್ಪೇನಿಲ್ಲ... ಮಾತಿನ ಕಡೆಗೂ ಸ್ವಲ್ಪ ಕಿವಿ ಇರಲಿ. ಇಂಥ ಹಾಡು ಬೇರೆ ನಿಮ್ಮ ಸಂಗ್ರಹದಲ್ಲಿದ್ದರೆ ನನಗೂ ತಿಳಿಸಿ.