ಹಿಪ್ಪರಗಿ ಸೀಮೆಯ ಶನಿ: ಲೆಕ್ಕ, ಚಿತ್ರ, ಛಾಯಾಚಿತ್ರ

ಬಿಜಾಪುರ (ಈಗ ವಿಜಯಪುರ) ಜಿಲ್ಲೆಯ ಹೂವಿನ ಹಿಪ್ಪರಗಿ ಮತ್ತು ಅದರ ಸುತ್ತಲಿನ ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳಗಳ ಬಯಲುಸೀಮೆಯಲ್ಲಿ ಶನಿಗ್ರಹದ ಗತಿ ಜನರಿಗೆ ಬಹು ಹಿಂದೆಯೇ ತಿಳಿದಿತ್ತು. ಅದರ ರೂಪ ತಿಳಿಯಲು ಶತಮಾನಗಳೇ ಬೇಕಾದವು. ಬರಿಗಣ್ಣಿಗೆ ಅದು ತುಸು ಹಳದಿಯಾದ, ಹೆಚ್ಚು ಮಿನುಗದ ಚುಕ್ಕೆ ಮಾತ್ರ. ಒಂದು ರಾಶಿಯನ್ನು, ಎಂದರೆ ಸೂರ್ಯಪಥದ ಹನ್ನೆರಡನೆಯ ಒಂದು ಪಾಲನ್ನು, ದಾಟಲು ಅದಕ್ಕೆ ಸುಮಾರು ಎರಡೂವರೆ ವರ್ಷ ಹಿಡಿಯುವುದರಿಂದ, ಜನ್ಮರಾಶಿ ಹಾಗೂ ಅದರ ಹಿಂದುಮುಂದಿನ ರಾಶಿಗಳಲ್ಲಿ ಅದು ಕಳೆಯುವ ಏಳೂವರೆ ವರ್ಷಗಳಿಗೆ ಸಾಡೇಸಾತಿ ಎಂಬ ಹೆಸರು ಈ ಭಾಗದಲ್ಲಿ ಮನೆಮಾತಾಗಿದೆ. ಫಲದ ಮಾತನ್ನು ಬದಿಗಿಟ್ಟು ನೋಡಿದರೆ ಸಾಡೇಸಾತಿಯೊಳಗೆ ಇರುವುದು ಶುದ್ಧ ಖಗೋಳ ಲೆಕ್ಕವೇ.

ಆ ಲೆಕ್ಕ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿ ಸಾಕ್ಷಿ. ಒಂದು ಕಲ್ಪದಲ್ಲಿ, ಎಂದರೆ 432 ಕೋಟಿ ವರ್ಷಗಳಲ್ಲಿ, ಶನಿಯು 14,65,67,298 ಸುತ್ತು ಬರುತ್ತದೆಂದು ಅಲ್ಲಿ ಹೇಳಿದೆ. ಭಾಗಿಸಿದರೆ ಒಂದು ಸುತ್ತಿಗೆ 29.47 ವರ್ಷವಾಗುತ್ತದೆ, ಇಂದಿನ ಮಾನಕ್ಕೂ ಅದಕ್ಕೂ ಇರುವ ಅಂತರ ಒಂದು ವಾರದಷ್ಟು. ಭಾಸ್ಕರನ ಊರಾದ ವಿಜ್ಜಡವಿಡವು ಬಿಜಾಪುರವೇ ಎಂಬ ವಾದ ಹಳೆಯದು; ಆದರೆ ಅವನ ಮೊಮ್ಮಗ ಚಾಂಗದೇವನು ಖಾಂದೇಶದ ಪಾಟಣದಲ್ಲಿ ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದು ಮಠ ಸ್ಥಾಪಿಸಿದ್ದನ್ನು ಅಲ್ಲಿನ 1207ರ ಶಾಸನ ತಿಳಿಸುವುದರಿಂದ, ಜಿಲ್ಲೆಯ ಅಭಿಮಾನಕ್ಕೆ ಹಿತವಾಗದಿದ್ದರೂ, ತಕ್ಕಡಿ ಪಾಟಣದ ಕಡೆಗೇ ವಾಲುತ್ತದೆ. ಈ ಸೀಮೆಯದೇ ಆದ ವಿದ್ಯಾಕೇಂದ್ರವೆಂದರೆ ಇಂಡಿ ತಾಲ್ಲೂಕಿನ ಸಾಲೋಟಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ 945ರಲ್ಲಿ ಭೂದಾನವಾದದ್ದು ಸೂರ್ಯಗ್ರಹಣದ ಹೊತ್ತಿನಲ್ಲಿ. ದಾನಕ್ಕೂ ಗ್ರಹಗಣಿತ ಬೇಕಿತ್ತು.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಶುಭಲಗ್ನ, ರಾಶಿಕೂಟ, ತಾರಾಬಲಗಳ ವಿಚಾರಣೆಯನ್ನು ಶರಣರಿಗೆ ಅನಗತ್ಯವೆಂದು ತಳ್ಳಿಹಾಕಿದರು. ಆದರೂ ಶನಿಯ ಭಯ ಹೋಗಲಿಲ್ಲ. ಆ ಭಯದ ಕೇಂದ್ರ ಶನಿಯ ದೃಷ್ಟಿ: ಬ್ರಹ್ಮವೈವರ್ತ ಪುರಾಣದಲ್ಲಿ ಶಿಶು ಗಣೇಶನ ತಲೆ ಹೋಗುವುದು ಶನಿ ಕಣ್ಣೆತ್ತಿ ನೋಡಿದ್ದರಿಂದ. ಶನಿ ಮಹಾತ್ಮೆಯಲ್ಲಿ ವಿಕ್ರಮರಾಜನು ಏಳೂವರೆ ವರ್ಷದ ಕಾಟದಲ್ಲಿ ಕೈಕಾಲು ಕಳೆದುಕೊಂಡು ಗಾಣದ ಮೇಲೆ ಕುಳಿತು ಎತ್ತು ಹೊಡೆಯುತ್ತಾನೆ. ಶನಿವಾರ ಹನುಮಪ್ಪನ ಗುಡಿಯಲ್ಲಿ ಎಣ್ಣೆ ಹಾಕುವ ಉತ್ತರ ಕರ್ನಾಟಕದ ರೂಢಿಯ ಹಿಂದೆಯೂ, ಹನುಮಂತನ ಭಕ್ತರನ್ನು ಶನಿ ಕಾಡುವುದಿಲ್ಲವೆಂಬ ನಂಬಿಕೆಯಿದೆ. ಎಲ್ಲ ಕಡೆಯೂ ನೋಡುವವನು ಶನಿ, ನೋಟಕ್ಕೆ ಗುರಿಯಾಗುವವರು ಮನುಷ್ಯರು.

ಗ್ರಹಗಳಿಗೆ ಬಣ್ಣದ ರೂಪ ಕೊಟ್ಟ ಒಂದು ಅಪೂರ್ವ ಗ್ರಂಥವೂ ಇದೇ ಜಿಲ್ಲೆಯದು. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ, ಬಿಜಾಪುರದಲ್ಲಿ ಸಿದ್ಧವಾದ ನುಜೂಮ್ ಅಲ್ ಉಲೂಮ್ ಎಂಬ ಪಾರಸಿ ಕೃತಿಯು ಜ್ಯೋತಿಷ, ತಾಯಿತ, ಆಯುಧ, ಆನೆ ಕುದುರೆಗಳ ಲಕ್ಷಣಗಳನ್ನು ನೂರಾರು ಚಿತ್ರಗಳೊಡನೆ ವಿವರಿಸುತ್ತದೆ. ಈಗ ಅದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಈ ಪರಂಪರೆಯ ಚಿತ್ರಕಾರರು ಗ್ರಹಗಳನ್ನು ಬರೆದದ್ದು ದೇವತಾಕೃತಿಗಳಾಗಿ. ಶನಿಯ ಸುತ್ತಲಿನ ಬಳೆಯ ಸುಳಿವು ಅವರಿಗೆ ಸಿಕ್ಕುವಂತಿರಲಿಲ್ಲ, ದೂರದರ್ಶಕವೇ ಇನ್ನೂ ಹುಟ್ಟಿರಲಿಲ್ಲ. ಗೋಳಗುಮ್ಮಟದ ಕೆಲಸ ಕೊನೆಯ ಹಂತದಲ್ಲಿದ್ದ 1655ರಲ್ಲಿ ಹಾಲೆಂಡಿನ ಕ್ರಿಸ್ತಿಯಾನ್ ಹೈಗೆನ್ಸ್ ಶನಿಯ ಚಂದ್ರ ಟೈಟನ್ನನ್ನು ಕಂಡನು. ಗ್ರಹಕ್ಕೆಲ್ಲಿಯೂ ತಾಗದ ತೆಳುವಾದ ಬಳೆಯೊಂದು ಅದನ್ನು ಸುತ್ತುವರಿದಿದೆ ಎಂದು 1659ರಲ್ಲಿ ಪ್ರಕಟಿಸಿದನು.

ಬಾಹ್ಯಾಕಾಶ ನೌಕೆಗಳ ಕಾಲದಲ್ಲಿ ನೋಟದ ದಿಕ್ಕು ತಿರುಗಿತು: ನೋಡುವವರು ಮನುಷ್ಯರು, ಗುರಿ ಶನಿ. 1979ರ ಸೆಪ್ಟೆಂಬರಿನಲ್ಲಿ ಪಯೋನಿಯರ್ 11, 1980ರ ನವೆಂಬರಿನಲ್ಲಿ ವಾಯೇಜರ್ 1, 1981ರ ಆಗಸ್ಟಿನಲ್ಲಿ ವಾಯೇಜರ್ 2 ಶನಿಯನ್ನು ಹಾದುಹೋದವು. ವಾಯೇಜರಿನ ಕ್ಯಾಮೆರಾ ಬೇರೆ ಬೇರೆ ಬಣ್ಣದ ಶೋಧಕಗಳ ಮೂಲಕ ಕಪ್ಪುಬಿಳುಪು ಚಿತ್ರಗಳನ್ನೇ ತೆಗೆಯುತ್ತಿತ್ತು. ಪ್ರತಿ ಚಿತ್ರವೂ 800 ಸಾಲು, ಸಾಲಿಗೆ 800 ಚುಕ್ಕೆಗಳ ಬೆಳಕಿನ ಅಂಕಿಗಳಾಗಿ ರೇಡಿಯೊ ಅಲೆಯಲ್ಲಿ ಸುಮಾರು ಒಂದೂವರೆ ಗಂಟೆ ಸಾಗಿ ಭೂಮಿಗೆ ಬಂದ ಮೇಲೆ, ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಬಣ್ಣ ಬರಿಸುತ್ತಿದ್ದರು. ಶನಿಯ ಚೆಲುವು ಕೂಡ, ಭಾಸ್ಕರನ ಶನಿಯಂತೆ, ಅಂಕಿಗಳಿಂದಲೇ ಕಟ್ಟಿದ್ದು. ಆ ಹೊತ್ತಿಗೆ ಕನ್ನಡದಲ್ಲಿ ಇಂಥ ವಿಷಯಕ್ಕೆ ನೆಲೆ ಸಿಕ್ಕಿತ್ತು: ಶಿವರಾಮ ಕಾರಂತರ ವಿಜ್ಞಾನ ಪ್ರಪಂಚದ ಸಂಪುಟಗಳು ಬಂದಿದ್ದವು, ಜಿ. ಟಿ. ನಾರಾಯಣ ರಾವ್ ಖಗೋಳದ ಬಗ್ಗೆ ಬರೆಯುತ್ತಿದ್ದರು, ಬಾಲವಿಜ್ಞಾನ ಮಾಸಪತ್ರಿಕೆ 1978ರಲ್ಲಿ ಶುರುವಾಗಿತ್ತು.

2004ರಿಂದ 2017ರ ಸೆಪ್ಟೆಂಬರ್ 15ರವರೆಗೆ ಶನಿಯನ್ನೇ ಸುತ್ತಿದ ಕ್ಯಾಸಿನಿ ನೌಕೆ ನಾಲ್ಕು ಲಕ್ಷಕ್ಕೂ ಮೀರಿ ಚಿತ್ರಗಳನ್ನು ಕಳಿಸಿತು. ಅವುಗಳಲ್ಲಿ ತಿರುತಿರುಗಿ ನೋಡಬೇಕಾದವು ಎಫ್ ಬಳೆಯ ಚಿತ್ರಗಳು. ಮುಖ್ಯ ಬಳೆಗಳ ಹೊರಗೆ ಎಳೆಯಂತಿರುವ ಈ ಬಳೆಯ ಒಳಮಗ್ಗುಲಲ್ಲಿ ಓಡುವ, ಆಲೂಗಡ್ಡೆಯಾಕಾರದ ಪ್ರೊಮಿಥಿಯಸ್ ಎಂಬ ಕಿರುಚಂದ್ರ ಹತ್ತಿರ ಬಂದಾಗಲೆಲ್ಲ ತನ್ನ ಗುರುತ್ವದಿಂದ ಬಳೆಯ ದೂಳನ್ನು ಸೆಳೆಯುತ್ತದೆ. ಅದು ಮುಂದೆ ಹೋದ ಮೇಲೂ ಬಳೆಯಲ್ಲಿ ಓರೆಯಾದ ಕಪ್ಪು ಸೀಳುಗಳು ಸಾಲಾಗಿ ಉಳಿಯುತ್ತವೆ. ಶನಿಯ ಇನ್ನೊಂದು ಚಂದ್ರ ಎನ್ಸೆಲಡಸ್‌ನ ದಕ್ಷಿಣ ಧ್ರುವದ ಬಿರುಕುಗಳಿಂದ ಚಿಮ್ಮುವ ಹಿಮದ ಕಾರಂಜಿ, ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿಯಾದ ಚಂದ್ರ ಅಯಾಪಿಟಸ್ ಇವು ಹೆಚ್ಚು ಪ್ರಸಿದ್ಧ.

2025ರ ಮಾರ್ಚ್ ತಿಂಗಳಲ್ಲಿ ಶನಿಯ ಮೂರು ಲೆಕ್ಕಗಳು ಒಟ್ಟಿಗೆ ಬಂದವು. 11ರಂದು 128 ಹೊಸ ಚಂದ್ರಗಳಿಗೆ ಮಾನ್ಯತೆ ಸಿಕ್ಕು ಒಟ್ಟು ಸಂಖ್ಯೆ 274ಕ್ಕೆ ಏರಿತು. 23ರಂದು ಭೂಮಿ ಬಳೆಗಳ ಸಮತಲವನ್ನು ದಾಟಿದ್ದರಿಂದ, ಎರಡೂವರೆ ಲಕ್ಷ ಕಿಲೋಮೀಟರಿಗೂ ಅಗಲವಾಗಿದ್ದರೂ ಬಹುಪಾಲು ಹತ್ತಾರು ಮೀಟರ್ ಮಾತ್ರ ದಪ್ಪದ ಆ ಬಳೆಗಳು ಭೂಮಿಯಿಂದ ಅಂಚಷ್ಟೇ ಕಾಣುವ ಸ್ಥಿತಿಗೆ ಬಂದವು. ಶನಿ ಆಕಾಶದಲ್ಲಿ ಸೂರ್ಯನ ಬಳಿಯೇ ಕಾಣುವಂತಿದ್ದುದರಿಂದ ಅದನ್ನು ನೋಡುವುದು ಕಷ್ಟವಾಯಿತು. 29ರಂದು ಶನಿಯು ಕುಂಭದಿಂದ ಮೀನಕ್ಕೆ ಬಂದಿತೆಂದು ಕಣ್ಣಿಗೆ ಕಾಣುವ ಗ್ರಹಸ್ಥಾನಕ್ಕೆ ಹೊಂದುವ ದೃಗ್ಗಣಿತದ ಪಂಚಾಂಗಗಳು ಬರೆದವು. ಮಕರ ರಾಶಿಯವರಿಗೆ ಸಾಡೇಸಾತಿ ಮುಗಿದು ಮೇಷದವರಿಗೆ ಹಿಡಿಯಿತು.