ಕಸೂತಿಯ ಹಿಂಬದಿ

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಕೊಳಗವಿದೆ. 1994ರಲ್ಲಿ, ನಾನು ನೌಕರಿಗೆ ಸೇರಿದ ಹೊಸದರಲ್ಲಿ, ಹಳೆಯ ಸೀರೆ ತೆಗೆದುಕೊಂಡು ಪಾತ್ರೆ ಕೊಡುವವಳು ಬಾಗಿಲಿಗೆ ಬಂದಿದ್ದಳು. ಟ್ರಂಕಿನ ತಳದಲ್ಲಿದ್ದ ಅವ್ವನ ಮದುವೆಯ ಕರಿ ಚಂದ್ರಕಾಳಿ ಸೀರೆ ಕೊಟ್ಟು ಈ ಕೊಳಗ ತೆಗೆದುಕೊಂಡೆ. ಸೀರೆ ಮಡಿಕೆ ಮಡಿಕೆಗೂ ಸೀಳಿತ್ತು, ನಿಜ. ಆದರೆ ಸೆರಗಿನ ತುಂಬ ಅಜ್ಜಿ ಹಾಕಿದ ಕಸೂತಿ ಗಟ್ಟಿಯಾಗಿಯೇ ಇತ್ತು. ಸಂಜೆ ಅವ್ವ ಕೊಳಗ ನೋಡಿದಳು. ಬೈಯಲಿಲ್ಲ. “ಸೆರಗರೆ ಕತ್ತರಿಸಿ ಇಟ್ಕೋಬೇಕಿತ್ತಲ್ಲ” ಎಂದಳು, ಅಷ್ಟೇ. ಮರುದಿನ ಶಾಲೆಗೆ ಹೋಗಿ ಮಕ್ಕಳಿಗೆ ಇತಿಹಾಸ ಕಲಿಸಿದೆ!

ಧಾರವಾಡದ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಹೋಗಬೇಕು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ, ನವಿಲು, ಗಿಳಿ ಎಲ್ಲ ಲೆಕ್ಕದಿಂದಲೇ ಹುಟ್ಟುತ್ತವೆ. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಗುಣಾಕಾರದ ಗುರುತಿನ ಹಾಗೆ. ಗವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಎರಡರಲ್ಲಿ ಮುಂಬದಿ ಹಿಂಬದಿ ಒಂದೇ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಒಳಗೇ ಅಡಗಿಸಬೇಕು.

ಗವಂತಿಯಂಥ ಹೊಲಿಗೆ ನಮ್ಮಲ್ಲಷ್ಟೇ ಇರಲಿಲ್ಲ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿ ಬಟ್ಟೆಯ ಕಾಲರಿಗೆ, ತೋಳಿನ ಅಂಚಿಗೆ ಕಪ್ಪು ರೇಷ್ಮೆ ದಾರದಿಂದ ಇದನ್ನೇ ಹಾಕುತ್ತಿದ್ದರು. ಅಲ್ಲಿಯ ಅರಸ 8ನೆಯ ಹೆನ್ರಿಯ ಆಸ್ಥಾನದಲ್ಲಿ ಹಾನ್ಸ್ ಹೋಲ್ಬೈನ್ ಎಂಬ ಜರ್ಮನ್ ಚಿತ್ರಕಾರನಿದ್ದ. 1536ರ ಸುಮಾರಿಗೆ ಅವನು ಬರೆದ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ಅವಳ ಮುಂಗೈಯ ಬಟ್ಟೆಯ ಮೇಲೆ ಆ ಕರಿ ಕಸೂತಿ ಸ್ಪಷ್ಟವಾಗಿ ಕಾಣುತ್ತದೆ. ಈಗ ಇಂಗ್ಲಿಷಿನಲ್ಲಿ ಆ ಹೊಲಿಗೆಯ ಹೆಸರೇ ‘ಹೋಲ್ಬೈನ್ ಸ್ಟಿಚ್’. ಚಿತ್ರ ಬರೆದವನ ಹೆಸರು ಹೊಲಿಗೆಗೆ ನಿಂತಿತು. ಹೊಲಿದವಳು ಯಾರೋ!

ನಮ್ಮವರೂ ತಮ್ಮ ಹೆಸರು ಹಾಕಿಕೊಂಡವರಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯಾಗಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಅಧ್ಯಕ್ಷರಾದರು. ದೇಶದ ಕೈಕೆಲಸಗಳಿಗೆ ಗೌರವವೂ ಮಾರುಕಟ್ಟೆಯೂ ಸಿಗಲೆಂದು ಅವರು ದುಡಿದದ್ದು ಸಣ್ಣದಲ್ಲ. ಆದರೆ ನನ್ನ ಅಜ್ಜಿ ಕಸೂತಿ ಹಾಕಿದ್ದು ಮಾರಲಿಕ್ಕಲ್ಲ. ಮಧ್ಯಾಹ್ನದ ಮುಸುರೆ ತಿಕ್ಕಿದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು ಸಿಗುವ ಎರಡು ತಾಸು ಅವಳದಾಗಿತ್ತು. ಹವ್ಯಾಸ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ. “ಕೈ ಸುಮ್ಮನ ಕೂಡಂಗಿಲ್ಲವಾ” ಎನ್ನುತ್ತಿದ್ದಳು. ಇಡೀ ದಿನದಲ್ಲಿ ಅವಳು ಮಾಡಿದ್ದೆಲ್ಲ ಸಂಜೆಯೊಳಗೆ ಉಂಡು, ಉಟ್ಟು ಮುಗಿದು ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಆ ನಾಲ್ಕು ಬೆರಳು ಕಸೂತಿ ಮಾತ್ರ. ಅದನ್ನೇ ನಾನು ಕೊಳಗಕ್ಕೆ ಕೊಟ್ಟದ್ದು.

ಐವತ್ತು ದಾಟಿದ ಮೇಲೆ ಸೂಜಿ ಹಿಡಿದಿದ್ದೇನೆ. ಚಾಳೀಸಿನ ಕನ್ನಡಕ ಹಾಕಿಕೊಂಡರೂ ಎಳೆ ತಪ್ಪುತ್ತದೆ. ಒಂದು ಎಳೆ ತಪ್ಪಿದರೆ ತೇರಿನ ಕಳಸವೇ ವಾಲುತ್ತದೆ, ಮತ್ತೆ ಬಿಚ್ಚಬೇಕು. ಆದರೂ ಆ ಎಣಿಕೆಯಲ್ಲಿ ಕೂತಾಗ ಪರೀಕ್ಷೆಯ ಪೇಪರು, ಗ್ಯಾಸಿನ ಸಿಲಿಂಡರು ಯಾವುದೂ ತಲೆಗೆ ಬರುವುದಿಲ್ಲ. ಅಜ್ಜಿಯ ಎರಡು ತಾಸು ಎಂಥವಿದ್ದವೆಂದು ಈಗ ತಿಳಿಯುತ್ತಿದೆ.

ಅವ್ವನಿಗೆ ಕಣ್ಣು ಮಂಜಾಗಿವೆ. ಮೊನ್ನೆ ನನ್ನ ಮೊದಲ ತೇರು ಮುಗಿಸಿ ಅವಳ ಕೈಗಿಟ್ಟೆ. ಮುಂಬದಿ ನೋಡಲೇ ಇಲ್ಲ. ಬಟ್ಟೆ ತಿರುಗಿಸಿ ಹಿಂಬದಿಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

“ಇಲ್ಲೊಂದು ಗಂಟು ಹಾಕೀದಿ ನೋಡು” ಎಂದಳು.

ಬಿಚ್ಚಿ ಮತ್ತೆ ಕೂತೆ.