ಡಾಬಿನ ತೂಕ

ಭೀಮಾ ನದಿಯ ದಂಡೆಯ ದೇವಣಗಾಂವದಿಂದ ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೆ ಯಾವ ಊರಿನ ಮದುವೆ ಹಂದರಕ್ಕೆ ಹೋದರೂ ಇಂದು ಒಂದು ನೋಟ ಸಾಮಾನ್ಯ. ಮದುಮಗಳ ಜರಿ ಸೀರೆಯ ಮೇಲೆ ಥಳಥಳಿಸುವ ಸೊಂಟಪಟ್ಟಿ. ಅದು ಬಾಡಿಗೆಗೆ ತಂದದ್ದು, ಚಿನ್ನದ ನೀರು ಕುಡಿಸಿದ್ದು. ಆಕೆಯ ತಂಗಿಯ ಉದ್ದ ಗೌನಿನ ಮೇಲೆ ಕಲ್ಲು ಕೂರಿಸಿದ ಬೆಲ್ಟು. ಕಂಬಕ್ಕೆ ಒರಗಿ ಕೂತ ಅಜ್ಜಿಯ ಇಳಕಲ್ಲ ಸೀರೆಯ ಮೇಲೆ ಮಾತ್ರ ಏನೂ ಇಲ್ಲ. ಆ ಅಜ್ಜಿಯ ಅತ್ತೆಯ ಕಾಲಕ್ಕೆ ಹೋದರೆ ನಡುವಿನಲ್ಲಿ ಮತ್ತೆ ಪಟ್ಟಿ ಕಾಣುತ್ತದೆ. ಅದು ಬೆಳ್ಳಿಯ ಡಾಬು. ಮದುವೆಯ ದಿನಕ್ಕಷ್ಟೇ ಅಲ್ಲ, ಹೊಲಕ್ಕೂ ಸಂತೆಗೂ ಅದೇ. ನಡುವೆ ಒಂದು ತಲೆಮಾರು ಬರಿದಾದದ್ದು ಹೇಗೆ? ಹೆಂಗಸರ ರುಚಿ ಬದಲಾಯಿತು ಎಂಬ ಸುಲಭದ ಉತ್ತರ ಸಾಲದು. ಈ ಕತೆಯಲ್ಲಿ ನೇಕಾರನೂ ಇದ್ದಾನೆ, ಬರಗಾಲವೂ ಇದೆ, ಕಲಕತ್ತೆಯಲ್ಲಿ ಕೂತ ಸರ್ಕಾರವೂ ಇದೆ.

ದಕ್ಷಿಣ ಕರ್ನಾಟಕದವರು ಸೊಂಟ ಎನ್ನುವುದನ್ನು ವಿಜಯಪುರದ ಕಡೆ ಟೊಂಕ, ನಡು ಎನ್ನುತ್ತಾರೆ. ಅಲ್ಲಿನ ವಡ್ಯಾಣ ಇಲ್ಲಿ ಡಾಬು. ಹಳಗನ್ನಡದಲ್ಲಿ ನೇವಳ ಎಂಬ ಚಂದದ ಮಾತೂ ಇತ್ತು. ಯಕ್ಷಗಾನದ ವೇಷಧಾರಿಗಳು ನಡುವಿಗೆ ಕಟ್ಟುವುದನ್ನೂ ಡಾಬು ಎಂದೇ ಕರೆಯುವುದರಿಂದ ಕರಾವಳಿಯವರಿಗೆ ಈ ಹೆಸರು ಹೊಸದಲ್ಲ. ಗಂಡಸರ ಪಾಲಿಗೆ ಇದ್ದದ್ದು ಉಡದಾರ. ಕೂಸಾಗಿದ್ದಾಗ ಕರಿದಾರ, ಅನುಕೂಲವಿದ್ದರೆ ಮುಂದೆ ಬೆಳ್ಳಿಯದು. ಸರ್ಕಾರಿ ಕಚೇರಿಯ ಜವಾನನಿಗೆ ಪಟ್ಟೇವಾಲಾ ಎಂಬ ಹೆಸರು ಬಂದದ್ದೂ ಅವನು ಧರಿಸುತ್ತಿದ್ದ ಪಟ್ಟಿಯಿಂದಲೇ. ಕೆಲಸಕ್ಕೆ ಸಿದ್ಧನಾಗುವುದಕ್ಕೆ ‘ಟೊಂಕ ಕಟ್ಟುವುದು’ ಎನ್ನುವ ನಾಡಿನಲ್ಲಿ ನಡುಪಟ್ಟಿಗೆ ಇಷ್ಟು ಹೆಸರುಗಳಿರುವುದು ಸಹಜ.

ಸಂಸ್ಕೃತದವರು ಇನ್ನೂ ಲೆಕ್ಕಾಚಾರದವರು. ಅಮರಕೋಶವು ಹೆಂಗಸಿನ ನಡುವಿನ ಆಭರಣಕ್ಕೆ ಮೇಖಲಾ, ಕಾಂಚೀ, ಸಪ್ತಕೀ, ರಶನಾ, ಸಾರಸನ ಎಂದು ಐದು ಹೆಸರು ಕೊಟ್ಟು, ಗಂಡಸಿನದಕ್ಕೆ ಶೃಂಖಲ ಎಂಬ ಬೇರೆ ಹೆಸರನ್ನೇ ಇಡುತ್ತದೆ. ಭರತನ ನಾಟ್ಯಶಾಸ್ತ್ರ ಎಳೆಗಳನ್ನೂ ಎಣಿಸುತ್ತದೆ: ಒಂದೇ ಎಳೆಯಾದರೆ ಕಾಂಚಿ, 8 ಎಳೆಯದು ಮೇಖಲೆ, 16 ಎಳೆಯದು ರಶನಾ, 25 ಎಳೆಯದು ಕಲಾಪ. ಯಾವ ಪಾತ್ರಕ್ಕೆ ಎಂಥ ನಡುಕಟ್ಟು ಎಂದು ಆರಿಸುವ ಕೆಲಸ ಅಂದೇ ಒಂದು ವಿದ್ಯೆಯಾಗಿತ್ತು. ಈ ಎಳೆಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಬೀದರ ಜಿಲ್ಲೆಯ ಜಲಸಂಗ್ವಿಯ ದೇವಾಲಯಕ್ಕೆ ಹೋಗಬೇಕು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆ ಅಲ್ಲಿದ್ದಾಳೆ. ಆ ಕಾಲದ ಇಂಥ ಮದನಿಕೆಯರ ಮೈಮೇಲೆ ಹೊಲಿದ ಉಡುಗೆ ಇಲ್ಲವೆನ್ನುವಷ್ಟು ಕಡಿಮೆ. ನಡುವಿನಿಂದ ತೊಡೆಯ ಮೇಲೆ ಇಳಿಬಿದ್ದ ಸರಗಳೇ ಉಡುಗೆಯ ಅರ್ಧ ಪಾಲು.

ಅನಂತರ ಬಂದ ಆದಿಲಶಾಹಿಗಳ ಬಿಜಾಪುರದಲ್ಲಿ (1490–1686) ಹೊಲಿದ ನಿಲುವಂಗಿ ಬಂತು. ಅದರ ಮೇಲೆ ಸುತ್ತುವ ಪಟ್ಕಾ ಎಂಬ ಬಟ್ಟೆಯ ಪಟ್ಟಿಯೂ ಬಂತು. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ಬಿಜಾಪುರದ ಒಂದು ಚಿತ್ರ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗೊರವಂಕವನ್ನು ಕೈಯಲ್ಲಿ ಹಿಡಿದ ಯೋಗಿನಿಯ ಚಿತ್ರ ಅದು. ಅವಳ ಉಡುಗೆಯ ಮೇಲಿನಿಂದ ಪಾದದತ್ತ ಇಳಿಯುವ ಉದ್ದುದ್ದ ಚಿನ್ನದ ಪಟ್ಟಿಗಳನ್ನು ನೋಡಿದವರು ಅವಳು ವಿರಕ್ತಳೆಂದು ನಂಬುವುದು ಕಷ್ಟ! ಇಂಥ ನಡುಕಟ್ಟಿಗೆ ಪಾರಸಿಯಲ್ಲಿ ಕಮರಬಂದ್ ಎನ್ನುತ್ತಾರೆ. ಆಂಗ್ಲರು ಆ ಮಾತನ್ನೇ ಕೊಂಡೊಯ್ದು ‘ಕಮರ್‌ಬಂಡ್’ ಮಾಡಿ ತಮ್ಮ ರಾತ್ರಿಯೂಟದ ಪೋಷಾಕಿಗೆ ಸೇರಿಸಿಕೊಂಡರು. ಕರ್ನಾಟಕದಲ್ಲೇ ನಿಲುವಂಗಿ ಮತ್ತು ನಡುಪಟ್ಟಿಯ ಜೋಡಿ ಇಂದಿಗೂ ಬಾಳಿರುವುದು ಕೊಡಗಿನಲ್ಲಿ. ಕೊಡವ ಗಂಡಸರ ಕಪ್ಪು ಕುಪ್ಯದ ಮೇಲೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಚೇಲೆ ಇಲ್ಲದಿದ್ದರೆ ಕತ್ತಿಗೆ ಜಾಗವಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹೊಲಿದ ಉಡುಗೆಗೆ ಆಕಾರ ಕೊಡುವವನು ದರ್ಜಿ. ಅದರ ಮೇಲಿನ ಬೆಲ್ಟು ನಡು ಎಲ್ಲಿದೆ ಎಂದು ತೋರಿಸುತ್ತದೆ, ಅಷ್ಟೆ. ಆದ್ದರಿಂದಲೇ ಯುರೋಪಿನಲ್ಲಿ ಹೆಂಗಸರ ಉಡುಗೆಯ ನಡುಗೆರೆ ಮನಬಂದಂತೆ ಮೇಲೆ ಕೆಳಗೆ ಅಲೆಯಿತು: 1800ರ ಸುಮಾರಿಗೆ ಎದೆಯ ಕೆಳಗೆ, 1920ರ ದಶಕದಲ್ಲಿ ಸೊಂಟಕ್ಕೂ ಕೆಳಗೆ, 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ಎಂಬ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಅದನ್ನು ಮತ್ತೆ ಬಿಗಿದ ನಡುವಿಗೇ ತಂದ. ಹೊಲಿಯದ ಉಡುಗೆಯ ಮಾತೇ ಬೇರೆ. ಇಳಕಲ್ಲ ಸೀರೆ ಹದಿನೆಂಟು ಮೊಳ, ಅಂದರೆ ಒಂಬತ್ತು ಗಜ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುನೂಲುಗಳನ್ನು ಕೊಂಡಿ ಹಾಕಿ ಕೂಡಿಸುವುದು ಅಲ್ಲಿನ ನೇಕಾರರ ವಿಶೇಷ. ಒಳಲಂಗವಿಲ್ಲದ ಕಾಲದಲ್ಲಿ ಇಷ್ಟೂ ಬಟ್ಟೆ ನಿಲ್ಲುತ್ತಿದ್ದದ್ದು ಟೊಂಕದ ಮೇಲಿನ ಒಂದು ಗಂಟಿನ ಮೇಲೆ. ಆ ಹೆಂಗಸು ಬಗ್ಗಿ ಜೋಳದ ಕಳೆ ತೆಗೆಯಬೇಕು, ಬಿಡಿಸಿದ ಹತ್ತಿಯನ್ನು ಉಡಿಯಲ್ಲಿ ತುಂಬಿಕೊಳ್ಳಬೇಕು, ಕೀಲಿಯ ಗೊಂಚಲನ್ನು ಎಲ್ಲಾದರೂ ಸಿಕ್ಕಿಸಬೇಕು. ನಿರಿಗೆಯ ಮೇಲೆ ಬಂದು ಕೂರುವ ಡಾಬು ಈ ಭಾರಕ್ಕೆಲ್ಲ ಆಸರೆ.

ಆರಿಸುವ ವಿವೇಕವೂ ಇದರಿಂದಲೇ ಹುಟ್ಟುತ್ತದೆ. ದಪ್ಪ ನೂಲಿನ ಸೀರೆಯ ಮೇಲೆ ಸಣ್ಣ ಸರಪಳಿ ಹಾಕಿದರೆ ಅದು ಮಡಿಕೆಯೊಳಗೆ ಹೂತು ಕಾಣದಂತಾಗುತ್ತದೆ. ಅಲ್ಲಿ ಅಗಲ ಪಟ್ಟಿಯೇ ಬೇಕು. ನಯವಾದ ರೇಷ್ಮೆಗೆ ಅಂಚು ಒರಟಾದ ಪಟ್ಟಿ ಸಲ್ಲದು, ಜರಿಯ ಎಳೆ ಕಿತ್ತು ಬರುತ್ತದೆ. ಒಂದೇ ತಗಡಿನ ಪಟ್ಟಿ ನಿಂತವಳಿಗೆ ಚಂದ, ಕೂತವಳ ಹೊಟ್ಟೆಗೆ ಒತ್ತುತ್ತದೆ. ಬಿಲ್ಲೆಗಳನ್ನು ಕೀಲಿನಿಂದ ಜೋಡಿಸಿದ್ದೋ, ತಂತಿ ಹೆಣೆದದ್ದೋ ಆದರೆ ಮೈಯೊಡನೆ ಬಾಗುತ್ತದೆ. ಬಸಿರು, ಬಾಣಂತನಗಳಲ್ಲಿ ನಡುವಿನ ಅಳತೆ ಬದಲಾಗುವುದರಿಂದ ಕೊಂಡಿ ಸಿಕ್ಕಿಸಲು ಒಂದೆರಡು ಹೆಚ್ಚಿನ ಬಳೆಗಳಿರುವುದು ಜಾಣತನ. ಇವು ಇಂದು ಗೌನಿನ ಮೇಲೆ ಬೆಲ್ಟು ಹಾಕುವವಳಿಗೂ ಉಪಯೋಗಕ್ಕೆ ಬರುವ ಮಾತುಗಳೇ.

ಆದರೆ ಪತ್ತಾರನ ಮುಂದೆ ಕೂತ ಕುಟುಂಬ ಮೊದಲು ಕೇಳುತ್ತಿದ್ದ ಪ್ರಶ್ನೆ ಅಗಲದ್ದಲ್ಲ, ತೂಕದ್ದು. ಡಾಬು ಹೆಣ್ಣಿನ ಗಂಟು. ಹೊಲ ಗಂಡನ ಮನೆಯದು, ಎತ್ತು ಗಂಡನ ಮನೆಯದು. ನಡುವಿನ ಬೆಳ್ಳಿ ಅವಳದು. ಇದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು, ಅದೂ ಹತ್ತಿರದ ಊರಿನಿಂದಲೇ. ಜಲಸಂಗ್ವಿಯ ಬಾಲಿಕೆ ಹೊಗಳಿದ ಅದೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ಸ್ತ್ರೀಧನಕ್ಕೆ ವಿಶಾಲವಾದ ಅರ್ಥ ಕೊಟ್ಟ. ತವರು ಕೊಟ್ಟದ್ದಷ್ಟೇ ಅಲ್ಲ, ವಾರಸಿಕೆಯಿಂದ ಬಂದದ್ದು, ಕೊಂಡದ್ದು ಎಲ್ಲವೂ ಹೆಣ್ಣಿನ ಸ್ವತ್ತು ಎಂದ. ಮುಂದೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಅರ್ಥವನ್ನು ಕಿರಿದುಗೊಳಿಸಿತು; ಮೈಮೇಲಿನ ಒಡವೆಯನ್ನು ಮಾತ್ರ ಅಲ್ಲಗಳೆಯಲಿಲ್ಲ.

ಈ ಗಂಟು ಬಿಚ್ಚಿದ್ದು 1876ರಿಂದ 78ರವರೆಗಿನ ಮಹಾಬರದಲ್ಲಿ. ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆ ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನೊಂದ ಭಾಗಗಳಲ್ಲಿ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು. ಆ ವರ್ಷಗಳಲ್ಲಿ ಮುಂಬಯಿಯ ಟಂಕಸಾಲೆಗೆ ಕರಗಿಸಲು ಬಂದ ಬೆಳ್ಳಿಯೊಡವೆಗಳ ರಾಶಿ ಏಕಾಏಕಿ ಏರಿತು. ಯಾವ ಹೆಂಗಸೂ ತಾನೇ ಡಾಬು ಹಿಡಿದು ಮುಂಬಯಿಗೆ ಹೋಗಲಿಲ್ಲ. ಊರ ಸಾಹುಕಾರ ಕೊಂಡ, ಪೇಟೆಯ ಸರಾಫ ಒಟ್ಟುಮಾಡಿದ, ಟಂಕಸಾಲೆ ರೂಪಾಯಿ ಅಚ್ಚು ಹಾಕಿತು. ನಡುವಿನವರು ತಮ್ಮ ಪಾಲು ತಿಂದರೆಂಬುದು ಬೇರೆ ಹೇಳಬೇಕಿಲ್ಲ. ಆದರೂ ಒಂದು ಭರವಸೆ ಇತ್ತು. ರೂಪಾಯಿ ಎಂದರೆ ಒಂದು ತೊಲೆ ತೂಕ. ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಬೆಳ್ಳಿ ತಂದವರಿಗೆ ಶೇ 2ರಷ್ಟು ಸುಂಕ ಹಿಡಿದು ಟಂಕಸಾಲೆ ರೂಪಾಯಿ ಮಾಡಿಕೊಡುತ್ತಿತ್ತು. ನಲವತ್ತು ರೂಪಾಯಿ ಕರಗಿಸಿ ಮಾಡಿಸಿದ ಡಾಬು ಕಷ್ಟಕಾಲದಲ್ಲಿ ಹೆಚ್ಚುಕಡಿಮೆ ನಲವತ್ತು ರೂಪಾಯಿಯೇ. ಟೊಂಕದ ಮೇಲಿದ್ದದ್ದು ಒಡವೆಯ ರೂಪದಲ್ಲಿದ್ದ ನಗದು.

1893ರ ಜೂನ್ 26ರಂದು ಈ ಬಾಗಿಲು ಮುಚ್ಚಿತು. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತ ಬಂದು, ಇಂಗ್ಲೆಂಡಿಗೆ ಚಿನ್ನದ ಲೆಕ್ಕದಲ್ಲಿ ಹಣ ಕಳಿಸಬೇಕಿದ್ದ ಭಾರತ ಸರ್ಕಾರಕ್ಕೆ ರೂಪಾಯಿಯ ಕುಸಿತ ಭಾರವಾಗಿತ್ತು. ಹರ್ಷೆಲ್ ಸಮಿತಿಯ ಸಲಹೆಯಂತೆ, ಖಾಸಗಿಯವರು ತಂದ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ಟಂಕಸಾಲೆಗಳು ನಿಲ್ಲಿಸಿದವು. ರೂಪಾಯಿಯ ಬೆಲೆ ಏರಿ ನಿಂತಿತು. ಬೆಳ್ಳಿಯ ಬೆಲೆ ಇಳಿಯುತ್ತಲೇ ಹೋಯಿತು. 1896–97ರ ಬರ ಬಿಜಾಪುರ ಜಿಲ್ಲೆಗೆ ಕಾಲಿಡುವ ಹೊತ್ತಿಗೆ ಹದಿನಾರಾಣೆ ರೂಪಾಯಿಯೊಳಗಿನ ಬೆಳ್ಳಿಯ ಬೆಲೆ ಹತ್ತು-ಹನ್ನೊಂದು ಆಣೆ. ನಲವತ್ತು ರೂಪಾಯಿಯ ಡಾಬು 26 ರೂಪಾಯಿಯ ಆಸುಪಾಸಿಗೆ ಬಂದಿತ್ತು. 1899–1900ರ ಬರದ ನಂತರ ಇನ್ನೂ ಕೆಳಗಿಳಿಯಿತು. ಅಷ್ಟನ್ನು ಕಳೆದುಕೊಂಡವಳ ಮನೆಗೆ ಕಳ್ಳ ಬಂದಿರಲಿಲ್ಲ, ಡಾಬಿನ ಒಂದು ಬಿಲ್ಲೆಯೂ ಸವೆದಿರಲಿಲ್ಲ. ಬಡವರ ಉಳಿತಾಯಕ್ಕೆ ಬಿದ್ದ ಈ ಪೆಟ್ಟನ್ನು ಆ ಕಾಲದ ರಾಷ್ಟ್ರೀಯ ನಾಯಕರು ಖಂಡಿಸಿದರು. ದಾದಾಭಾಯಿ ನವರೋಜಿ ಅವರಲ್ಲಿ ಒಬ್ಬರು. ಸಾಲ ತೀರಿಸಬೇಕಾದವರಿಗೆ, ಕಂದಾಯ ಕಟ್ಟಬೇಕಾದವರಿಗೆ ಖಂಡನೆಯಿಂದ ಆದ ಲಾಭ ಅಷ್ಟರಲ್ಲೇ ಇದೆ.

ತೂಕದ ಆಸರೆ ಹೀಗೆ ಸಡಿಲವಾದರೆ, ಬಟ್ಟೆಯ ಆಸರೆಯೂ ಬೇರೆ ಕಡೆಯಿಂದ ಬಂತು. ಮುಂಬಯಿಯಲ್ಲಿ ಕೆಲಕಾಲ ಇದ್ದು ಬಂದ ಟಾಗೋರ್ ಮನೆತನದ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಬಳಕೆಗೆ ತಂದ ಒಳಲಂಗ-ಕುಪ್ಪಸದ ಸೀರೆಯುಡುಗೆ ನಿಧಾನವಾಗಿ ದೇಶದ ಮಧ್ಯಮ ವರ್ಗಕ್ಕೆಲ್ಲ ಹಬ್ಬಿತು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಪಡೆದ ಪಿನ್ನೂ ಹಳ್ಳಿಯ ಸಂತೆಗೆ ಬಂತು. ಲಂಗದ ಲಾಡಿ ಮತ್ತು ಎರಡು ಪಿನ್ನು ಸೇರಿ, ನಲವತ್ತು ತೊಲೆ ಬೆಳ್ಳಿ ಮಾಡುತ್ತಿದ್ದ ಕೆಲಸವನ್ನು ನಾಲ್ಕಾಣೆಯಲ್ಲಿ ಮುಗಿಸಿದವು. ಒಂಬತ್ತು ಗಜದ ಸೀರೆ ಆರು ಗಜಕ್ಕೆ ಇಳಿಯಿತು. ಕೂಡಿಟ್ಟ ಹಣ ಬಂಗಾರದತ್ತ ಹೊರಳಿತು. ಅಜ್ಜಿಯ ನಡು ಬರಿದಾದದ್ದು ಹೀಗೆ.

ಲಾಡಿಯೂ ಕೇಡಿಲ್ಲದ್ದಲ್ಲ. ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಬ್ಬರು ವಯಸ್ಸಾದ ಹೆಂಗಸರ ಸಂಗತಿ ವರದಿ ಮಾಡಿದರು. ಒಬ್ಬರದು ದಶಕಗಳ ಕಾಲ ಬಿಗಿದ ಲಂಗದ ಲಾಡಿ. ಇನ್ನೊಬ್ಬರದು ಲಂಗವಿಲ್ಲದೆ ಬಿಗಿಯಾಗಿ ಉಟ್ಟ ಲುಗಡೆ. ಒಂದೇ ಜಾಗದ ಸತತ ತಿಕ್ಕಾಟದಿಂದ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಇಂಥದು ಅಪರೂಪ, ಹೆದರಬೇಕಾಗಿಲ್ಲ. ಆದರೆ ಸಣ್ಣ ದಾರ ಭಾರವನ್ನೆಲ್ಲ ಒಂದೇ ಗೆರೆಯ ಮೇಲೆ ಹೇರುತ್ತದೆ, ಅಗಲ ಪಟ್ಟಿ ಹಂಚುತ್ತದೆ ಎಂಬುದು ನೆನಪಿರಲಿ. ಕಟ್ಟಿದ ಜಾಗದಲ್ಲಿ ಚರ್ಮ ಕಪ್ಪಾದರೆ, ತುರಿಸಿದರೆ, ಲಾಡಿಯನ್ನು ಸಡಿಲಿಸಿ ಅಗಲದ್ದನ್ನು ಹಾಕುವುದು ಒಳ್ಳೆಯದು. ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಬೇಕು.

ಈಗ ಮದುವೆಗಳಲ್ಲಿ ಮರಳಿ ಬಂದಿರುವ ಸೊಂಟಪಟ್ಟಿಗೆ ಹೊರಬೇಕಾದ ಭಾರ ಯಾವುದೂ ಇಲ್ಲ. ಸೀರೆಯನ್ನು ಪಿನ್ನು ಹಿಡಿದಿದೆ, ಉಳಿತಾಯ ಬ್ಯಾಂಕಿನಲ್ಲಿದೆ. ಮದುವೆಯ ಮಾರನೆಯ ದಿನ ಪಟ್ಟಿಯನ್ನು ಅಂಗಡಿಗೆ ಮರಳಿಸಿದರೆ ಮುಗಿಯಿತು. ಹಳೆಯ ಡಾಬು ಎಲ್ಲಾದರೂ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಬಹುಪಾಲು ಅದು ಪತ್ತಾರನ ಮೂಸೆಗೆ ಹೋಗಿ ಮೊಮ್ಮಗಳ ಕಾಲುಗೆಜ್ಜೆಯಾಗುತ್ತದೆ. ಕೊಡುವ ಮುನ್ನ ತೂಕ ನೋಡಿಕೊಳ್ಳುವುದು ಲೇಸು. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತು. ನಲವತ್ತು ತೊಲೆ ಎಂದರೆ 466 ಗ್ರಾಂ. 1897ರಲ್ಲಿ 26 ರೂಪಾಯಿಗೆ ಹೋದ ಡಾಬು ಆ ಬೆಲೆಯಲ್ಲಿ ನಲವತ್ತು ಸಾವಿರಕ್ಕೂ ಮೇಲು.